ಅಕ್ಕಲಕೋಟೆಯ ಪದವೀಧರರಿಗೆ ಶಿಕ್ಷಕ ಅರ್ಹತೆ: ಪರೀಕ್ಷಾ ಟಿಪ್ಪಣಿ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ ಆಧಾರ 350ಎ ವಿಧಿ. ಸೇರಿದ್ದು 1956ರ 7ನೇ ತಿದ್ದುಪಡಿಯಿಂದ. (ಇದು ಪದೇ ಪದೇ ಕೇಳುವ ಪ್ರಶ್ನೆ.)

ಈ ಶಾಲೆಗಳಲ್ಲಿ ಶಿಕ್ಷಕರಾಗಲು ಬಿ.ಎ., ಬಿ.ಎಸ್ಸಿ. ಮುಗಿಸಿದವರು ಸಾಮಾನ್ಯವಾಗಿ ಬಿ.ಎಡ್. ಕಡೆಗೇ ಓಡುತ್ತಾರೆ. ಅಲ್ಲೇ ಎಡವುವುದು. 2018ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಅಧಿಸೂಚನೆ ಬಿ.ಎಡ್. ಪದವೀಧರರಿಗೆ 1ರಿಂದ 5ನೇ ತರಗತಿಯ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಪದವಿಯ ಜೊತೆ ಎರಡು ವರ್ಷದ ಡಿ.ಎಲ್.ಇಡಿ. ಇದ್ದವರಿಗೆ 1–5, 6–8 ಎರಡೂ ದಾರಿ ತೆರೆದಿವೆ. ಹಳ್ಳಿಯಲ್ಲಿ ‘ಡಿ.ಎಡ್.’ ಎಂದು ಹಗುರ ಮಾಡುವ ಕೋರ್ಸೇ ಇಲ್ಲಿ ಹೆಚ್ಚು ಉಪಯೋಗಿ.

ಮುಂದಿನದು ಮಹಾರಾಷ್ಟ್ರ ಟಿಇಟಿ (ಶಿಕ್ಷಕ ಅರ್ಹತಾ ಪರೀಕ್ಷೆ). ನಡೆಸುವುದು ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು. ಪೇಪರ್ 1 ಕೆಳಗಿನ ತರಗತಿಗಳಿಗೆ, ಪೇಪರ್ 2 ಮೇಲಿನವಕ್ಕೆ. 150 ಪ್ರಶ್ನೆ, 150 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗಕ್ಕೆ 60%, ಅಂದರೆ 90 ಅಂಕ. ಮೀಸಲು ವರ್ಗಕ್ಕೆ 55%, ಲೆಕ್ಕ ಹಾಕಿದರೆ 82.5. ಅರ್ಧ ಅಂಕದ ಪ್ರಶ್ನೆಯಂತೂ ಪತ್ರಿಕೆಯಲ್ಲಿಲ್ಲ! ಭಾಷೆ 1ಕ್ಕೆ ಕನ್ನಡ ಆರಿಸಬಹುದು. ಅದಕ್ಕೆ 30 ಅಂಕ.

ಟಿಇಟಿ ಪಾಸಾದರೆ ನೌಕರಿ ಸಿಕ್ಕಿತೆಂದಲ್ಲ. ನೇಮಕಕ್ಕೆ ಟಿಎಐಟಿ (ಶಿಕ್ಷಕ ಸಾಮರ್ಥ್ಯ ಮತ್ತು ಬುದ್ಧಿಮತ್ತೆ ಪರೀಕ್ಷೆ) ಬೇರೆ: 200 ಪ್ರಶ್ನೆ, 120 ನಿಮಿಷ. ಆ ಅಂಕದ ಮೇಲೆ ‘ಪವಿತ್ರ’ ಪೋರ್ಟಲ್‌ನಲ್ಲಿ ಆಯ್ಕೆ.