"ಮುಂದಿನ ವಾರ" ಅನ್ನುವ ಗಂಡ

ಹೋದ ವಾರ ಒಬ್ಬ ಸಹೋದರಿ ಕೇಳಿದರು: "ಬ್ರದರ್, ಕಾರು ರಿಪೇರಿ ಮಾಡಿಸಿ ಅಂತ ಎಷ್ಟು ಸಲ ಹೇಳಿದ್ರೂ ನಮ್ಮ ಯಜಮಾನ್ರು ಹೂಂ ಅಂತಾರೆ, ಮಾಡಿಸಲ್ಲ. ಏನು ಮಾಡಲಿ?" ನನಗೆ ತಲೆ ತಗ್ಗಿಸುವ ಹಾಗಾಯ್ತು. ನಮ್ಮ ಮನೆಯಲ್ಲಿ ಆ ಗಂಡ ನಾನೇ ಆಗಿದ್ದೆ.

ಮತ್ತಾಯ 21:28-31 ತೆಗೆಯಿರಿ. ತಂದೆ ಇಬ್ಬರು ಮಕ್ಕಳಿಗೂ ತೋಟದ ಕೆಲಸ ಹೇಳುತ್ತಾನೆ. ಒಬ್ಬ ಆಗಲ್ಲ ಅಂದ, ಆಮೇಲೆ ಮನಸ್ಸು ಬದಲಾಯಿಸಿ ಹೋದ. ಇನ್ನೊಬ್ಬ ಮರ್ಯಾದೆಯಾಗಿ ಹೂಂ ಅಂದ, ಹೋಗಲೇ ಇಲ್ಲ. ನಾನು ಆ ಎರಡನೆಯವನು.

ನಮ್ಮ ಕಾರಲ್ಲಿ ಬ್ರೇಕ್ ಒತ್ತಿದಾಗ ಕೀಚ್ ಅಂತ ಸದ್ದು ಬರ್ತಿತ್ತು. ಬಹಳಷ್ಟು ಬ್ರೇಕ್ ಪ್ಯಾಡ್‌ಗಳಲ್ಲಿ ಸಣ್ಣ ಲೋಹದ ಪಟ್ಟಿ ಇರುತ್ತೆ. ಪ್ಯಾಡ್ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕೂಗುತ್ತೆ. ಅದು ಎಚ್ಚರಿಕೆ. ಆಗಲೇ ಹೋದ್ರೆ ಸಾಮಾನ್ಯವಾಗಿ ಪ್ಯಾಡ್ ಬದಲಾಯಿಸಿದ್ರೆ ಸಾಕು. ಬಿಟ್ಟರೆ ಲೋಹಕ್ಕೆ ಲೋಹ ಉಜ್ಜಿ ಡಿಸ್ಕೂ ಹಾಳಾಗುತ್ತೆ, ಬ್ರೇಕೂ ಸರಿಯಾಗಿ ಹಿಡಿಯಲ್ಲ. ನಾನು ಮಾತ್ರ ಪ್ರತಿ ಶನಿವಾರ "ಮುಂದಿನ ವಾರ" ಅಂದೆ. ಅದೇ ಕಾರಲ್ಲಿ ನನ್ನ ಹೆಂಡತಿ ಮಗಳನ್ನ ಶಾಲೆಗೆ ಬಿಡ್ತಿದ್ದಳು.

ಅವಳು ದಿನಾ ನೆನಪಿಸಿದಳು. ನಾನು ಜ್ಞಾನೋಕ್ತಿ 27:15 ತೋರಿಸಿ, ಮಳೆಯಲ್ಲಿ ಮನೆ ಸೋರಿದ ಹಾಗೆ ಮಾತಾಡಬೇಡ ಅಂತ ಬಾಯಿ ಮುಚ್ಚಿಸಿದೆ. ಸಹೋದರರೇ, ದೇವರ ವಾಕ್ಯವನ್ನ ನನ್ನ ಸೋಮಾರಿತನಕ್ಕೆ ಕೊಡೆ ಮಾಡಿಕೊಂಡೆ. ಮನೆ ಸೋರಿದ್ರೆ ಹೆಂಚು ಸರಿಮಾಡಬೇಕಾದವನು ಯಾರು?

ಒಂದು ರಾತ್ರಿ ಮಗಳು ಮಲಗಿದ ಮೇಲೆ ಅವಳು ಜಗಳ ಆಡಲಿಲ್ಲ. "ರೀ, ನಿಜ ಹೇಳಿ, ಯಾವುದು ತಡೀತಿದೆ?" ಅಂತ ಕೇಳಿದಳು. ಆಗ ಬಾಯಿಬಿಟ್ಟೆ. ಕೈಯಲ್ಲಿ ದುಡ್ಡಿರಲಿಲ್ಲ. ಗ್ಯಾರೇಜಿಗೆ ಹೋದ್ರೆ ಇನ್ನೂ ಏನೇನು ಖರ್ಚು ಹೇಳ್ತಾರೋ ಅನ್ನೋ ಭಯ. ಅದನ್ನ ಹೇಳೋಕೆ ನಾಚಿಕೆ.

"ದುಡ್ಡು ಇಬ್ಬರೂ ಹೊಂದಿಸೋಣ. ಆದ್ರೆ ಬ್ರೇಕ್ ಸರಿಯಾಗೋವರೆಗೂ ನಾನೂ ಮಗೂನೂ ಈ ಕಾರು ಹತ್ತಲ್ಲ, ಆಟೋದಲ್ಲಿ ಹೋಗ್ತೀವಿ" ಅಂದಳು. ಅಲ್ಲೇ ಕೂತು ಸೋಮವಾರ ಬೆಳಿಗ್ಗೆ 9 ಗಂಟೆ ಅಂತ ಗೊತ್ತು ಮಾಡಿದ್ವಿ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಮನೆಗೆ ಕರೆಸೋದು ಅವಳ ಕೆಲಸ, ರಜೆ ಹಾಕಿ ನಿಂತು ಮಾಡಿಸೋದು ನನ್ನ ಕೆಲಸ. ಚಕ್ರ ಬಿಚ್ಚಿ ನೋಡಿದ್ರೆ ಡಿಸ್ಕ್ ಆಗಲೇ ಹಾಳಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅದು ನನ್ನ ಜಾಣತನ ಅಲ್ಲ, ದೇವರ ಕೃಪೆ.

ಹಾಗಾದ್ರೆ ಮೂರು ವಿಷಯ ಬರೆದುಕೊಳ್ಳಿ.

1. ಹತ್ತು ಸಲ ನೆನಪಿಸೋದಕ್ಕಿಂತ ಒಂದು ಸಲ ಕಾರಣ ಕೇಳಿ. ಸೋಮಾರಿತನದ ಹಿಂದೆ ಭಯ ಇರಬಹುದು.

2. "ಆಮೇಲೆ" ಬೇಡ. ಯಾವ ದಿನ, ಎಷ್ಟು ಗಂಟೆ, ಯಾರು ಯಾವ ಕೆಲಸ ಅಂತ ಇಬ್ಬರೂ ಒಪ್ಪಿಕೊಳ್ಳಿ.

3. ಪ್ರಾಣದ ವಿಷಯ ಬಂದಾಗ, "ಈ ಕಾರು ಹತ್ತಲ್ಲ" ಅನ್ನೋದು ಹೆಂಡತಿಯ ಅವಿಧೇಯತೆ ಅಲ್ಲ. ಅದು ಕುಟುಂಬವನ್ನ ಕಾಯುವ ಪ್ರೀತಿ.

ಗಂಡಂದಿರೇ, ಇವತ್ತು ಮನೆಗೆ ಹೋಗಿ ಬಾಕಿ ಇರುವ ಒಂದು ಕೆಲಸದ ನಿಜವಾದ ಕಾರಣ ಹೆಂಡತಿಗೆ ಹೇಳಿ. ಪ್ರಾರ್ಥಿಸೋಣ: ಕರ್ತನೇ, ನಮ್ಮ ಹೂಂ ನಿಜವಾದ ಹೂಂ ಆಗಲಿ. ಆಮೆನ್.