ಬ್ರೌಸರಿನ ಹಗಲುವೇಷ

ನಮ್ಮ ಕಡೆಯ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಹಗಲುವೇಷದವರು ಬರುವುದುಂಟು. ಒಂದು ದಿನ ರಾಮ, ಮರುದಿನ ಭೀಮ, ಮತ್ತೊಂದು ದಿನ ಆಂಜನೇಯ. ಬಣ್ಣ, ಕಿರೀಟ, ಗದೆ ಎಲ್ಲವೂ ಸರಿಯಾಗಿಯೇ ಇರುತ್ತವೆ. ಆದರೂ ಊರ ಹುಡುಗರು ನಿನ್ನೆಯ ರಾಮನೇ ಇಂದಿನ ಭೀಮನೆಂದು ಥಟ್ಟನೆ ಹೇಳಿಬಿಡುತ್ತಾರೆ. ನಡಿಗೆ, ಮಾತಿನ ರಾಗ, ಕಿವಿಯ ಹಿಂದೆ ಮರೆತು ಉಳಿದ ಬೀಡಿ, ಇವು ಗುಟ್ಟನ್ನು ಬಿಟ್ಟುಕೊಡುತ್ತವೆ. ಗಣಕಯಂತ್ರದ ಪ್ರಪಂಚದಲ್ಲಿಯೂ ಇಂಥದೇ ಒಂದು ವೇಷಗಾರಿಕೆ ನಡೆಯುತ್ತಿದೆ. ಸಾಮಾನ್ಯ ಪ್ರೋಗ್ರಾಮೊಂದು ತಾನು ಬ್ರೌಸರೆಂದು ತೋರಿಸಿಕೊಂಡು ಜಾಲತಾಣದ ಬಾಗಿಲಿಗೆ ಹೋಗುತ್ತದೆ. ಬಾಗಿಲು ಕಾಯುವವನು ಅದನ್ನು ಹೇಗೆ ಗುರುತಿಸುತ್ತಾನೆ, ವೇಷವನ್ನು ಸಂಪೂರ್ಣಗೊಳಿಸುವ ಸಾಧನ ಯಾವುದು, ಆ ಸಾಧನವನ್ನು ಹಿಡಿದವನ ಹೊಣೆಯೇನು ಎಂಬುದನ್ನು ನನ್ನ ಅಲ್ಪ ಅನುಭವದಿಂದ ತಿಳಿಸುವುದೇ ಈ ಲೇಖನದ ಉದ್ದೇಶ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ವಿಷಯಕ್ಕೆ ಬಂದದ್ದು ಟೊಮೆಟೊ ಹಣ್ಣಿನ ದಾರಿಯಿಂದ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಮಾರಾಟವಾಗುವುದು ೧೫ ಕಿಲೋ ಬಾಕ್ಸಿನ ಲೆಕ್ಕದಲ್ಲಿ. ೨೦೨೩ರ ಜುಲೈಯಲ್ಲಿ ಪೇಟೆಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ ಹಣ್ಣನ್ನು, ಬೆಲೆ ಬಿದ್ದ ಕಾಲದಲ್ಲಿ ರಸ್ತೆಯ ಬದಿಗೆ ಸುರಿಯುವುದನ್ನೂ ನಾವು ನೋಡಿದ್ದೇವೆ. ಆವಕ ಹೆಚ್ಚಿದ ಎಷ್ಟು ದಿನಗಳಲ್ಲಿ ಬೆಲೆ ಇಳಿಯುತ್ತದೆ ಎಂಬುದನ್ನು ಅಂತಿಮ ವರ್ಷದ ಕಿರುಪ್ರಬಂಧಕ್ಕಾಗಿ ಲೆಕ್ಕ ಹಾಕಬೇಕೆಂದು ಹೊರಟೆ. ಧಾರಣೆಯನ್ನು ಪ್ರಕಟಿಸುವ ಜಾಲತಾಣವೊಂದರಲ್ಲಿ ದಿನಕ್ಕೊಂದು ಪುಟವಿತ್ತು. ಮೂರು ವರ್ಷಕ್ಕೆ ೧೦೯೫ ಪುಟ. ಅಷ್ಟನ್ನು ಕೈಯಿಂದ ನಕಲು ಮಾಡುವುದು ಆಗದ ಮಾತೆಂದು ಪೈಥಾನ್ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಮು ಬರೆದೆ. ಬ್ರೌಸರಿನಲ್ಲಿ ಸಲೀಸಾಗಿ ತೆರೆಯುತ್ತಿದ್ದ ಪುಟವೇ ಪ್ರೋಗ್ರಾಮಿಗೆ ಕೊಟ್ಟ ಉತ್ತರ ೪೦೩, ಅಂದರೆ "ಪ್ರವೇಶವಿಲ್ಲ". ಅದೇ ಯಂತ್ರ, ಅದೇ ತಂತಿ, ಅದೇ ವಿಳಾಸ. ಹಾಗಾದರೆ ಭೇದವೆಲ್ಲಿಂದ ಬಂತು?

ಮೊದಲನೆಯ ಗುರುತು ಹೆಸರು. ಎಚ್‌ಟಿಟಿಪಿ ಎಂಬ ಸಂಪ್ರದಾಯದ ಪ್ರಕಾರ ಪುಟ ಕೇಳುವವನು ಕೋರಿಕೆಯೊಡನೆ ತನ್ನ ಹೆಸರನ್ನೂ ಹೇಳುವ ವಾಡಿಕೆಯಿದೆ. ಅದಕ್ಕೆ ಯೂಸರ್-ಏಜೆಂಟ್ ಎನ್ನುತ್ತಾರೆ. ಪೈಥಾನಿನ ಪ್ರಸಿದ್ಧ ರಿಕ್ವೆಸ್ಟ್ಸ್ ಗ್ರಂಥಾಲಯವು ನಾವು ಬೇರೆ ಹೇಳದಿದ್ದರೆ ತನ್ನ ನಿಜವಾದ ಹೆಸರನ್ನೇ ಹೇಳಿಬಿಡುತ್ತದೆ. ಬ್ರೌಸರುಗಳು ಮಾತ್ರ ಈ ವಿಷಯದಲ್ಲಿ ಅಷ್ಟೊಂದು ಸತ್ಯಸಂಧವಲ್ಲ. ೧೯೯೪ರಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರು ತನ್ನನ್ನು ಮೊಜಿಲ್ಲಾ ಎಂದು ಕರೆದುಕೊಂಡಿತು. ಕೆಲವು ತಾಣಗಳು ಆ ಹೆಸರು ಹೇಳಿದವರಿಗೆ ಮಾತ್ರ ಒಳ್ಳೆಯ ಪುಟ ಕೊಡತೊಡಗಿದವು. ಆಗ ೧೯೯೫ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರು ತಾನೂ ಮೊಜಿಲ್ಲಾ ಎಂದು ಹೇಳತೊಡಗಿತು. ೨೦೦೮ರಲ್ಲಿ ಹುಟ್ಟಿದ ಕ್ರೋಮ್ ಕೂಡ ಇಂದಿಗೂ ತನ್ನ ಹೆಸರನ್ನು ಮೊಜಿಲ್ಲಾ ಎಂಬ ಪದದಿಂದಲೇ ಆರಂಭಿಸುತ್ತದೆ. ಹೀಗೆ ವೇಷ ಹಾಕುವ ಪದ್ಧತಿಯನ್ನು ಕಲಿಸಿದವರು ದೊಡ್ಡವರೇ.

ಇದನ್ನು ತಿಳಿದು ನಾನೂ ನನ್ನ ಪ್ರೋಗ್ರಾಮಿಗೆ ಕ್ರೋಮಿನ ಹೆಸರನ್ನು ಅಂಟಿಸಿದೆ. ಉತ್ತರ ಮತ್ತೆ ೪೦೩. ಕಿರೀಟವೇನೋ ರಾಮನದು, ಬೀಡಿ ಕಿವಿಯ ಹಿಂದೆಯೇ ಇತ್ತು!

ಎರಡನೆಯ ಗುರುತು ಇದಕ್ಕಿಂತ ಸೂಕ್ಷ್ಮವಾದದ್ದು. ಬೀಗದ ಗುರುತಿರುವ ತಾಣಗಳಲ್ಲಿ ಪುಟದ ಮಾತು ಆರಂಭವಾಗುವ ಮೊದಲು ಎರಡು ಯಂತ್ರಗಳು ಗುಪ್ತಭಾಷೆಯೊಂದನ್ನು ಗೊತ್ತುಮಾಡಿಕೊಳ್ಳಬೇಕು. ಈ ಏರ್ಪಾಡಿಗೆ ಟಿಎಲ್‌ಎಸ್ ಎಂದು ಹೆಸರು, ಇದರ ೧.೩ನೆಯ ಆವೃತ್ತಿ ೨೦೧೮ರಲ್ಲಿ ಪ್ರಕಟವಾಯಿತು. ಇದರಲ್ಲಿ ಮೊದಲು ಮಾತನಾಡುವವನು ಪುಟ ಕೇಳಲು ಬಂದವನು. ಅವನ ಈ ಮೊದಲ ನಮಸ್ಕಾರಕ್ಕೆ ಕ್ಲೈಂಟ್ ಹಲೋ ಎನ್ನುತ್ತಾರೆ. ತನಗೆ ಯಾವ ಯಾವ ಗುಪ್ತಲಿಪಿಗಳು ಬರುತ್ತವೆ, ಅವುಗಳಲ್ಲಿ ಯಾವುದು ಮೊದಲು ಬೇಕು, ಯಾವ ಹೆಚ್ಚಿನ ಸೌಲಭ್ಯಗಳನ್ನು ಬಲ್ಲೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಗುಪ್ತಭಾಷೆ ಇನ್ನೂ ನಿರ್ಧಾರವಾಗಿಲ್ಲವಾದ ಕಾರಣ ಈ ನಮಸ್ಕಾರ ಸಾಮಾನ್ಯವಾಗಿ ಬಹಿರಂಗವಾಗಿಯೇ ಹೋಗುತ್ತದೆ.

ಈ ಪಟ್ಟಿಯನ್ನು ಬರೆಯುವ ಕೈ ಒಬ್ಬೊಬ್ಬರದು ಒಂದೊಂದು. ಕ್ರೋಮ್ ಬೋರಿಂಗ್ ಎಸ್‌ಎಸ್‌ಎಲ್ ಎಂಬ ಗ್ರಂಥಾಲಯವನ್ನು ಬಳಸುತ್ತದೆ; ಫೈರ್‌ಫಾಕ್ಸ್ ಎನ್‌ಎಸ್‌ಎಸ್ ಎಂಬುದನ್ನು; ಪೈಥಾನ್ ಸಾಧಾರಣವಾಗಿ ಓಪನ್ ಎಸ್‌ಎಸ್‌ಎಲ್ ಅನ್ನು. ಧಾರವಾಡದವರು ಕೋಲಾರಕ್ಕೆ ಬಂದು ಎಂಥ ಉಡುಪನ್ನೇ ತೊಡಲಿ, "ಬರ್ರಿ" ಎಂದು ಬಾಯಿ ತೆರೆದ ಕೂಡಲೇ ಊರು ತಿಳಿಯುವುದಿಲ್ಲವೇ? ಇದೂ ಹಾಗೆಯೇ. ೨೦೧೭ರಲ್ಲಿ ಸೇಲ್ಸ್‌ಫೋರ್ಸ್ ಸಂಸ್ಥೆಯ ಮೂವರು ಈ ನಮಸ್ಕಾರದ ಐದು ಅಂಶಗಳನ್ನು (ಆವೃತ್ತಿ, ಗುಪ್ತಲಿಪಿಗಳು, ಹೆಚ್ಚಿನ ಸೌಲಭ್ಯಗಳು, ವಕ್ರರೇಖೆಗಳು, ಅವುಗಳ ಬಿಂದುರೂಪಗಳು) ಸಾಲಾಗಿ ಜೋಡಿಸಿ, ೩೨ ಅಕ್ಷರದ ಒಂದು ಮುದ್ರೆಯಾಗಿ ಸಂಕ್ಷೇಪಿಸುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಜೆಎ೩ ಎಂದು ಹೆಸರು. ಬಾಯಲ್ಲಿ ಕ್ರೋಮ್ ಎಂಬ ಹೆಸರು, ಮುದ್ರೆ ಮಾತ್ರ ಪೈಥಾನಿನದು ಎಂದಾದರೆ ಬಾಗಿಲು ಕಾಯುವವನಿಗೆ ಅನುಮಾನ ಬರುವುದು ಸಹಜ.

ಮುದ್ರೆಯೊತ್ತುವವರಿಗೂ ಬ್ರೌಸರು ತಯಾರಿಸುವವರಿಗೂ ಅಲ್ಲಿಂದ ಒಂದು ಬಗೆಯ ಚದುರಂಗವೇ ನಡೆಯಿತು. ಕ್ರೋಮ್ ೨೦೨೩ರಿಂದ ತನ್ನ ಸೌಲಭ್ಯಗಳ ಪಟ್ಟಿಯನ್ನು ಪ್ರತಿಸಲವೂ ಕಲಸಿ ಬೇರೆ ಬೇರೆ ಕ್ರಮದಲ್ಲಿ ಹೇಳತೊಡಗಿತು. ಪಟ್ಟಿ ಸದಾ ಒಂದೇ ಕ್ರಮದಲ್ಲಿರುತ್ತದೆಂದು ಸರ್ವರುಗಳು ಅದಕ್ಕೇ ಒಗ್ಗಿಹೋಗಬಾರದು ಎಂಬುದು ಅದರ ಆಶಯ. ಜೆಎ೩ ಮುದ್ರೆ ಇದರಿಂದ ಪ್ರತಿಸಲವೂ ಬದಲಾಗತೊಡಗಿತು. ಅದೇ ವರ್ಷ ಬಂದ ಜೆಎ೪ ಎಂಬ ಹೊಸ ವಿಧಾನವು ಪಟ್ಟಿಯನ್ನು ಅನುಕ್ರಮಕ್ಕೆ ತಂದು ಆಮೇಲೆ ಮುದ್ರೆ ಒತ್ತುತ್ತದೆ. ಕಲಸಿದರೂ ಫಲ ಒಂದೇ.

ಮೂರನೆಯ ಗುರುತು ೨೦೧೫ರಲ್ಲಿ ಬಂದ ಎಚ್‌ಟಿಟಿಪಿ ೨ನೆಯ ಆವೃತ್ತಿಯದು. ಅದರಲ್ಲಿ ಕೋರಿಕೆಯ ವಿಧಾನ, ತಾಣದ ಹೆಸರು, ಸಂಪರ್ಕದ ಬಗೆ, ಪುಟದ ದಾರಿ ಎಂಬ ನಾಲ್ಕು ಅಂಶಗಳನ್ನು ಮೊದಲು ಹೇಳಬೇಕು. ಕ್ರೋಮ್ ಅವನ್ನು ನಾನು ಬರೆದ ಕ್ರಮದಲ್ಲೇ ಹೇಳುತ್ತದೆ. ಫೈರ್‌ಫಾಕ್ಸ್ ವಿಧಾನವಾದ ಕೂಡಲೇ ದಾರಿಯನ್ನು ಹೇಳಿ, ಆಮೇಲೆ ಉಳಿದೆರಡನ್ನು ಹೇಳುತ್ತದೆ. ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಗುರುತಿಗೆ ಮಾತ್ರ ಅಷ್ಟೇ ಸಾಕು.

ಇನ್ನು ವೇಷವನ್ನು ಪೂರ್ತಿಗೊಳಿಸುವ ಸಾಧನದ ವಿಚಾರ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರು ೧೯೯೮ರಲ್ಲಿ ಕರ್ಲ್ ಎಂಬ ಹೆಸರಿನಿಂದ ಹೊರತಂದ ಪ್ರೋಗ್ರಾಮು ಇಂದು ಲೋಕವ್ಯಾಪ್ತವಾಗಿದೆ. ೨೦೨೨ರಲ್ಲಿ ಕರ್ಲ್-ಇಂಪರ್ಸೊನೇಟ್ ಎಂಬ ಅದರ ರೂಪಾಂತರವೊಂದು ಬಂದಿತು. ಇದನ್ನು ಮಾಡಿದವರು ಬರಿಯ ಹೆಸರನ್ನು ಬದಲಿಸಿ ಸುಮ್ಮನಾಗಲಿಲ್ಲ. ಕ್ರೋಮಿನ ವೇಷಕ್ಕೆ ಕ್ರೋಮ್ ಬಳಸುವ ಗುಪ್ತಲಿಪಿಯ ಗ್ರಂಥಾಲಯವನ್ನೇ ಜೋಡಿಸಿ, ನಮಸ್ಕಾರದ ಪಟ್ಟಿಯನ್ನೂ ಎಚ್‌ಟಿಟಿಪಿ ೨ರ ಕ್ರಮವನ್ನೂ ಅದಕ್ಕೆ ತಕ್ಕಂತೆ ತಿದ್ದಿದರು. ಅಂದರೆ ಬಣ್ಣದ ಜೊತೆಗೆ ನಡಿಗೆಯನ್ನೂ ಮಾತಿನ ರಾಗವನ್ನೂ ಕಲಿಸಿದಂತಾಯಿತು. ಇದನ್ನು ಪೈಥಾನಿನಿಂದ ಬಳಸಲು ಕರ್ಲ್-ಸಿಎಫ್‌ಎಫ್‌ಐ ಎಂಬ ಗ್ರಂಥಾಲಯವಿದೆ.

ಬಳಸುವ ರೀತಿ ಬಹಳ ಸುಲಭ. ಪಿಪ್ ಎಂಬ ಸಲಕರಣೆಯಿಂದ ಅದನ್ನು ಸ್ಥಾಪಿಸಿಕೊಂಡು, ಹಳೆಯ ರಿಕ್ವೆಸ್ಟ್ಸ್‌ಗೆ ಬದಲಾಗಿ ಇದರೊಳಗಿನ ರಿಕ್ವೆಸ್ಟ್ಸ್ ಅನ್ನು ಕರೆಯಬೇಕು. ಪುಟ ಕೇಳುವ ಸಾಲಿನಲ್ಲಿ ಇಂಪರ್ಸೊನೇಟ್ ಎಂಬ ಪದದ ಮುಂದೆ ಕ್ರೋಮ್ ಎಂದು ಬರೆದರೆ ಮುಗಿಯಿತು. ಮೂರು ಮಾತುಗಳನ್ನು ಮಾತ್ರ ನೆನಪಿಡತಕ್ಕದ್ದು. ಒಂದು, ವೇಷಕ್ಕೆ ತಕ್ಕ ಹೆಸರನ್ನು ಗ್ರಂಥಾಲಯವೇ ಹೇಳುತ್ತದೆ. ನಾವು ಜಾಣತನದಿಂದ ಬೇರೆ ಯೂಸರ್-ಏಜೆಂಟ್ ಸೇರಿಸಿದರೆ ಭೀಮನ ಮೈಗೆ ರಾಮನ ಕಿರೀಟವಾಗುತ್ತದೆ. ಎರಡು, ಅನೇಕ ಪುಟಗಳನ್ನು ತೆರೆಯುವುದಿದ್ದರೆ ಸೆಷನ್ ಎಂಬುದನ್ನು ಒಮ್ಮೆ ತೆರೆದು ಅದರೊಳಗೇ ಕೆಲಸ ಮಾಡಬೇಕು. ಕುಕಿಗಳು ಉಳಿಯುತ್ತವೆ, ಸರ್ವರಿಗೂ ಶ್ರಮ ಕಡಿಮೆ. ಮೂರು, ಇದು ವೇಷವೇ ಹೊರತು ಬ್ರೌಸರಲ್ಲ. ಜಾವಾಸ್ಕ್ರಿಪ್ಟಿನಿಂದ ತುಂಬಿಕೊಳ್ಳುವ ಪುಟವನ್ನು ಕೇಳಿದರೆ ಬರಿಯ ಚೌಕಟ್ಟು ಬರುತ್ತದೆ; ಅಂಥ ಕಡೆ ಪ್ಲೇರೈಟ್, ಸೆಲೆನಿಯಮ್ ಮೊದಲಾದ, ನಿಜವಾದ ಬ್ರೌಸರನ್ನೇ ನಡೆಸುವ ಸಾಧನಗಳು ಬೇಕು.

ಒಂದು ಸಾಲನ್ನು ತಿದ್ದಿದೆ. ೪೦೩ ಇದ್ದಲ್ಲಿ ೨೦೦ ಬಂತು, ಬಾಗಿಲು ತೆರೆಯಿತು. ನನ್ನ ಹಿಗ್ಗನ್ನು ಏನೆಂದು ಹೇಳಲಿ! ನಡುವೆ ಒಂದು ಕ್ಷಣವೂ ನಿಲ್ಲದಂತೆ ಪುಟದ ಮೇಲೆ ಪುಟ ಕೇಳುವಂತೆ ಪ್ರೋಗ್ರಾಮನ್ನು ಓಡಿಸಿ, ಚಹಾ ಕುಡಿಯಲು ಹೋದೆ. ಹಿಂದಿರುಗಿ ನೋಡುವಾಗ ೪೧೨ನೆಯ ಪುಟದ ಮೇಲೆ ೪೨೯ ಎಂಬ ಉತ್ತರ ನಿಂತಿತ್ತು. "ಅತಿಯಾಗಿ ಕೇಳುತ್ತಿದ್ದೀರಿ" ಎಂದು ಅದರ ಅರ್ಥ. ನನ್ನ ಪ್ರೋಗ್ರಾಮು ಅದನ್ನೂ ಲೆಕ್ಕಿಸದೆ ಕೇಳುತ್ತಲೇ ಇತ್ತು. ಕೊನೆಗೆ ತಾಣವು ಉತ್ತರಿಸುವುದನ್ನೇ ನಿಲ್ಲಿಸಿತು.

ಅರ್ಧ ಗಂಟೆಯ ತರುವಾಯ ಪ್ರಥಮ ವರ್ಷದ ಹುಡುಗಿಯೊಬ್ಬಳು ಪ್ರಯೋಗಾಲಯಕ್ಕೆ ಬಂದು, "ಅಣ್ಣಾ, ಇವತ್ತು ರೇಟಿನ ಪೇಜೇ ಬರ್ತಾ ಇಲ್ಲ, ಯಾಕೆ?" ಎಂದು ಕೇಳಿದಳು. ಮನೆಯವರು ಹಣ್ಣು ಬಿಡಿಸಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಯಾವ ಮಾರುಕಟ್ಟೆಗೆ ಕಳಿಸುವುದೆಂಬುದನ್ನು ಅವಳು ಪ್ರತಿಸಂಜೆ ಇಲ್ಲಿ ನೋಡಿ ಫೋನಿನಲ್ಲಿ ತಿಳಿಸುತ್ತಿದ್ದಳಂತೆ. ಕಾಲೇಜಿನ ಯಂತ್ರಗಳೆಲ್ಲ ಹೊರಲೋಕಕ್ಕೆ ಕಾಣುವುದು ಒಂದೇ ವಿಳಾಸದಿಂದ. ನನ್ನ ಪ್ರೋಗ್ರಾಮಿಗೆ ಮುಚ್ಚಿದ ಬಾಗಿಲು ಎಲ್ಲರಿಗೂ ಮುಚ್ಚಿತ್ತು. ನಮ್ಮ ಮನೆಯಲ್ಲಿಯೂ ಬಾಕ್ಸು ತುಂಬಿಟ್ಟು ಧಾರಣೆಯ ಸುದ್ದಿಗೆ ಕಾದು ಕುಳಿತ ಸಂಜೆಗಳನ್ನು ನಾನು ಬಲ್ಲೆ. ಟೊಮೆಟೊ ಬೆಳೆಗಾರರಿಗೆ ಉಪಯೋಗವಾಗಲೆಂದು ಹೊರಟ ಪ್ರಬಂಧ ಮೊದಲು ಮಾಡಿದ ಕೆಲಸವೆಂದರೆ ಒಬ್ಬ ಬೆಳೆಗಾರನ ಕಣ್ಣಿಗೆ ಪರದೆ ಎಳೆದದ್ದು. ಅವಳಿಗೆ ನಿಜವನ್ನು ಹೇಳಿ, ನನ್ನ ಫೋನಿನಲ್ಲಿ ಆ ಪುಟವನ್ನು ತೆರೆದುಕೊಟ್ಟೆ. ಅವಳು ಬೈಯಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಆ ಮೇಲೆ ಕುಳಿತು ಲೆಕ್ಕ ಹಾಕಿದೆ. ಪುಟಕ್ಕೆ ಹತ್ತು ಸೆಕೆಂಡಿನಂತೆ ಬಿಡುವು ಕೊಟ್ಟಿದ್ದರೂ ೧೦೯೫ ಪುಟಕ್ಕೆ ಹಿಡಿಯುತ್ತಿದ್ದುದು ಮೂರು ಗಂಟೆಯ ಮೇಲೆ ಎರಡು ಮೂರು ನಿಮಿಷ. ಮೂರು ವರ್ಷದ ಧಾರಣೆಗೆ ಮೂರು ಗಂಟೆ ಕಾಯಲು ನನ್ನಲ್ಲಿ ತಾಳ್ಮೆಯಿರಲಿಲ್ಲ. ಮಾಡಬೇಕಾದ ಮೊದಲ ಕೆಲಸವನ್ನೂ ಮಾಡಿರಲಿಲ್ಲ. ಯಂತ್ರಗಳು ತಾಣದ ಯಾವ ಭಾಗಕ್ಕೆ ಬರಬಹುದು, ಯಾವುದಕ್ಕೆ ಬಾರದು ಎಂಬುದನ್ನು ರೋಬಾಟ್ಸ್ ಎಂಬ ಕಡತದಲ್ಲಿ ಬರೆದಿಡುವ ಪದ್ಧತಿಯನ್ನು ಮಾರ್ಟಿನ್ ಕೋಸ್ಟರ್ ಎಂಬುವರು ೧೯೯೪ರಲ್ಲಿಯೇ ಸೂಚಿಸಿದ್ದರು. ೨೦೨೨ರಲ್ಲಿ ಅದು ವಿಧಿವತ್ತಾದ ಪ್ರಸ್ತಾವಿತ ಮಾನಕವಾಗಿಯೂ ಪ್ರಕಟವಾಗಿದೆ. ನಮ್ಮ ದೇಶದ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ನೆಯ ಕಲಮು ಒಡೆಯನ ಅನುಮತಿಯಿಲ್ಲದೆ ಗಣಕದಿಂದ ಮಾಹಿತಿಯನ್ನು ಇಳಿಸಿಕೊಳ್ಳುವುದರ ವಿಚಾರವಾಗಿಯೂ ಮಾತನಾಡುತ್ತದೆ. ವೇಷದಿಂದ ಮುಖ ಬದಲಾಗಬಹುದು, ಹಕ್ಕು ಹುಟ್ಟುವುದಿಲ್ಲ.

ಅಧ್ಯಾಪಕರ ಸಹಿಯೊಡನೆ ಆ ಕಚೇರಿಗೆ ತಪ್ಪೊಪ್ಪಿಗೆಯ ಕಾಗದ ಬರೆದು, ಅಂಕಿ ಅಂಶಗಳನ್ನು ಬೇಡಿದೆವು. ಹನ್ನೆರಡನೆಯ ದಿನ ಉತ್ತರ ಬಂತು. ಮೊದಲ ಎರಡು ವರ್ಷದ ಧಾರಣೆ ಒಂದೇ ಕಡತದಲ್ಲಿತ್ತು. ಮೂರನೆಯ ವರ್ಷದ್ದನ್ನು ರಾತ್ರಿ ಒಂಬತ್ತರ ಮೇಲೆ, ಪುಟಕ್ಕೆ ಹತ್ತು ಸೆಕೆಂಡು ಬಿಡುವು ಕೊಟ್ಟು ನೀವೇ ಇಳಿಸಿಕೊಳ್ಳಬಹುದೆಂದು ಬರೆದಿದ್ದರು. ಅವರ ಬಾಗಿಲು ಕಾಯುವ ಯಂತ್ರ ಪೈಥಾನಿನ ಮುದ್ರೆಯನ್ನು ಆಗಲೂ ಒಪ್ಪುತ್ತಿರಲಿಲ್ಲವಾದ್ದರಿಂದ ಅದೇ ಗ್ರಂಥಾಲಯವನ್ನೇ ಬಳಸುವುದಾಗಿ ತಿಳಿಸಿ, ಒಪ್ಪಿಗೆ ಪಡೆದೆ. ೩೬೫ ಪುಟಗಳು ಒಂದು ಗಂಟೆಯಲ್ಲಿ ಬಂದವು. ಅಂದು ಹಾಕಿದ್ದೂ ವೇಷವೇ. ಆದರೆ ಮನೆಯ ಯಜಮಾನನಿಗೆ ವೇಷದೊಳಗಿನವನು ಯಾರೆಂಬುದು ಗೊತ್ತಿತ್ತು.

ಹಗಲುವೇಷದವರನ್ನು ನಮ್ಮ ಜನ ಎಂದೂ ಮೋಸಗಾರರೆಂದು ತಿಳಿದಿಲ್ಲ. ಅವರು ಹಾಡುಹಗಲಲ್ಲಿ ಬರುತ್ತಾರೆ, ಅಂಗಳದಲ್ಲಿ ನಿಲ್ಲುತ್ತಾರೆ, ಕೊಟ್ಟಷ್ಟನ್ನು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಅದೇ ಬಣ್ಣ ಬಳಿದುಕೊಂಡು ಇರುಳಿನಲ್ಲಿ ಹಿತ್ತಲ ಬಾಗಿಲಿಗೆ ಬರುವವನ ಹೆಸರೇ ಬೇರೆ. ಈ ಗ್ರಂಥಾಲಯವನ್ನು ಬಳಸಲಿರುವ ನನ್ನ ಸಹಪಾಠಿಗಳು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನನ್ನ ಶ್ರಮ ಸಾರ್ಥಕ. ನನ್ನ ತಿಳಿವಳಿಕೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.