ಉರಿಮೂತ್ರಕ್ಕೆ ಅಂಗಡಿ ಮಾತ್ರೆ ಬೇಡ

ಮೂತ್ರ ಮಾಡುವಾಗ ಉರಿ, ಶಿಶ್ನದ ತುದಿಯಲ್ಲಿ ಕೀವು, ಒಳ ಉಡುಪಿನ ಮೇಲೆ ಹಳದಿ ಕಲೆ. ಎಷ್ಟೋ ಗಂಡಸರು ಇದನ್ನು ‘ಉಷ್ಣ’ ಎಂದುಕೊಂಡು ಎಳನೀರು, ಬಾರ್ಲಿ ನೀರು ಕುಡಿಯುತ್ತಾರೆ. ಕಡಿಮೆಯಾಗದಿದ್ದರೆ ಡಾಕ್ಟರ ಬಳಿ ಹೋಗಲು ನಾಚಿ ಮೆಡಿಕಲ್ ಶಾಪ್‌ನಿಂದ ನಾಲ್ಕು ಮಾತ್ರೆ ತಂದು ನುಂಗುತ್ತಾರೆ. ಆದರೆ ಕೀವಿನ ಹಿಂದೆ ಸಾಮಾನ್ಯವಾಗಿ ಇರುವುದು ಗೊನೊರಿಯಾ ಅಥವಾ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು.

ಗೊನೊರಿಯಾ ರೋಗಾಣು ಸಲ್ಫಾ, ಪೆನಿಸಿಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಒಂದೊಂದಾಗಿ ಸೋಲಿಸಿದೆ. ಉಳಿದಿರುವ ಮುಖ್ಯ ಆಸರೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದಕ್ಕೂ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗೂ ಬಗ್ಗದ ಗೊನೊರಿಯಾ 2018ರಲ್ಲಿ ಬ್ರಿಟನ್‌ನಲ್ಲಿ ಪತ್ತೆಯಾಯಿತು. ಅರೆಬರೆ ಮಾತ್ರೆ ಇಂಥ ರೋಗಾಣುಗಳನ್ನೇ ಬೆಳೆಸುತ್ತದೆ. ಆದ್ದರಿಂದ ಹೀಗೆ ಮಾಡಿ:

1. ಎಲ್ಲಿಗೆ ಹೋಗಬೇಕು? ಚರ್ಮ ಮತ್ತು ಲೈಂಗಿಕ ರೋಗ ತಜ್ಞರ ಬಳಿಗೆ. ಜಿಲ್ಲಾಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ನಲ್ಲಿ ಚಿಕಿತ್ಸೆ ಉಚಿತ, ಗುಟ್ಟು ಹೊರಬೀಳದು. ಮಾಹಿತಿಗೆ ಸಹಾಯವಾಣಿ 1097ಕ್ಕೆ ಕರೆ ಮಾಡಿ. ವೃಷಣ ಊದಿದ್ದರೆ, ಜ್ವರವಿದ್ದರೆ ಅಂದೇ ಹೋಗಿ.

2. ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಹೋಗುವ ಮುನ್ನ ಒಂದೆರಡು ಗಂಟೆ ಮೂತ್ರ ಮಾಡಬೇಡಿ. ಮೂತ್ರದ ಮೊದಲ ಧಾರೆಯನ್ನೇ ಪರೀಕ್ಷೆಗೆ ಕೊಡಬೇಕು. ಕೀವಿನ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿದರೆ ಯಾವ ಔಷಧಿ ನಾಟುತ್ತದೆ ಎಂಬುದು ತಿಳಿಯುತ್ತದೆ. ಮೊದಲೇ ಆ್ಯಂಟಿಬಯಾಟಿಕ್ ನುಂಗಿದ್ದರೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು.

3. ಏನನ್ನೂ ಮುಚ್ಚಿಡಬೇಡಿ. ಉರಿ ಶುರುವಾದ ದಿನ, ಇತ್ತೀಚಿನ ಲೈಂಗಿಕ ಸಂಪರ್ಕ, ಔಷಧಿ ಅಲರ್ಜಿ ಎಲ್ಲವನ್ನೂ ಹೇಳಿ. ಮಾತ್ರೆ ನುಂಗಿದ್ದರೆ ಖಾಲಿ ಸ್ಟ್ರಿಪ್ ತೋರಿಸಿ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿ.

4. ಕೋರ್ಸ್ ಪೂರ್ತಿ ಮಾಡಿ. ಕ್ಲಮೈಡಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ದಿನಕ್ಕೆ ಎರಡರಂತೆ 7 ದಿನ ಕೊಡುತ್ತಾರೆ. ಮೂರನೇ ದಿನಕ್ಕೆ ಉರಿ ನಿಂತಿತೆಂದು ಬಿಡಬೇಡಿ. ಉಳಿದ ಮಾತ್ರೆಯನ್ನು ಗೆಳೆಯರಿಗೆ ಹಂಚಲೂಬೇಡಿ.

5. ಸಂಗಾತಿಗೂ ಚಿಕಿತ್ಸೆ ಕೊಡಿಸಿ. ಕಳೆದ ಎರಡು ತಿಂಗಳಲ್ಲಿ ಸಂಪರ್ಕವಿದ್ದವರಿಗೆ ತಿಳಿಸಿ. ಕ್ಲಮೈಡಿಯಾ ಹೆಚ್ಚಿನ ಹೆಂಗಸರಲ್ಲಿ ಲಕ್ಷಣವನ್ನೇ ತೋರದೆ ಗರ್ಭನಾಳಕ್ಕೆ ಹಾನಿ ಮಾಡಿ ಬಂಜೆತನ ತರಬಲ್ಲದು.

6. ಏಳು ದಿನ ಸಂಭೋಗ ಬೇಡ. ಸಂಗಾತಿಯ ಚಿಕಿತ್ಸೆಯೂ ಮುಗಿದಿರಲಿ. ನಂತರ ಕಾಂಡೋಮ್ ಬಳಸಿ. ಉರಿ ಮರಳಿದರೆ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳಬೇಡಿ. ಅಜಿಥ್ರೊಮೈಸಿನ್‌ಗೆ ಬಗ್ಗದ ಮೈಕೊಪ್ಲಾಸ್ಮಾ ಜೆನಿಟಾಲಿಯಮ್ ಎಂಬ ಇನ್ನೊಂದು ರೋಗಾಣು ಇರಬಹುದು. ಮತ್ತೆ ಡಾಕ್ಟರನ್ನು ಕಾಣಿ. ಮೂರು ತಿಂಗಳಿಗೆ ಮರುಪರೀಕ್ಷೆ ಮಾಡಿಸಿ.

ಇಂದು ನಾಚಿಕೆಗೆ ನುಂಗುವ ಅರೆಬರೆ ಮಾತ್ರೆ ನಾಳೆ ಹೆಂಡತಿಗೂ ಊರಿಗೂ ಔಷಧಿಯೇ ಇಲ್ಲದಂತೆ ಮಾಡಬಹುದು. ಸಂಕೋಚ ಬಿಟ್ಟು ಇವತ್ತೇ ಕ್ಲಿನಿಕ್‌ಗೆ ಹೋಗಿ.